ಗಾಳಿತೂತು

ಸೆಲ್ವರಾಜ ಹಲ್ಲು ಕೀಳಿಸಲು ಹೋಗುತ್ತಿದ್ದ.
ಮಂಗಳವಾರ ಒಂದು, ಶುಕ್ರವಾರ ಒಂದು,
ಸಂಜೆ ನಾಲ್ಕಕ್ಕೇ ಕೈ ತೊಳೆದು, ತಲೆ ತಗ್ಗಿಸಿ
‘ಸಾರ್, ದವಡೆ ಹಲ್ಲು.’
ಅರ್ಧ ದಿನದ ಕೂಲಿ ಮುರಿದು ಬರೆದೆ, ಕೆಂಪು ಶಾಯಿಯಲ್ಲಿ.
ಯುಗಾದಿಯಿಂದ ಶ್ರಾವಣದವರೆಗೆ ಲೆಕ್ಕ ಹಿಡಿದರೆ
ಈ ಮನುಷ್ಯನ ಬಾಯಲ್ಲಿ
ಒಂದು ಹಲ್ಲೂ ಉಳಿದಿರಬಾರದು.
ಅವನೋ ನನ್ನೆದುರೇ ಕೂತು
ಚಕ್ಕುಲಿ ಕಡಿಯುತ್ತಿದ್ದ, ಕಟಕಟ.

ಮಾಚೇನಹಳ್ಳಿಯ ನಮ್ಮ ಶೆಡ್ಡಿನಲ್ಲಿ
ಹತ್ತೊಂಬತ್ತು ಜನ, ಒಂದು ಕುಲುಮೆ,
ಟ್ರಾಕ್ಟರಿನ ಬಿಡಿಭಾಗ, ಪಂಪಿನ ಹೊಟ್ಟೆ,
ಎಲ್ಲರ ಬೆನ್ನ ಮೇಲೂ ಬೆವರಿನುಪ್ಪಿನ ನಕಾಶೆ.
ಸೆಲ್ವರಾಜ ಅಚ್ಚಿನವನು. ಭದ್ರಾವತಿಯಿಂದ ಬೆಳಗಿನ ಬಸ್ಸು.
ಅಪ್ಪನ ಕಾಲದಿಂದ, ಇಪ್ಪತ್ತೆರಡು ವರ್ಷ
ಮರಳು ಒತ್ತಿದವನು, ಕರಗಿದ ಕಬ್ಬಿಣ ಹೊಯ್ದವನು.

ಕೇಳಿದೆ. ಬಾಗಿಲು ಹಾಕಿಕೊಂಡು ಕೇಳಿದೆ.
ಬಹಳ ಹೊತ್ತು ಗೋಡೆಯ ಕ್ಯಾಲೆಂಡರ್ ನೋಡಿದ.
ಆಮೇಲೆ ಕಳ್ಳತನ ಒಪ್ಪಿಕೊಳ್ಳುವವನ ದನಿಯಲ್ಲಿ:
‘ಈಜು ಕಲೀತಿದೀನಿ ಸಾರ್, ಸ್ಟೇಡಿಯಂ ಹತ್ರ.
ದೊಡ್ಡೋರ ಬ್ಯಾಚು ಐದಕ್ಕೆ.
ದಿನಾ ಬೆಂಕಿ ಎದುರು ನಿಂತ್ಕೊಳೋದಲ್ವಾ,
ಒಂದ್ಸಲ ನೀರ್ ಮೇಲೆ ಅಂಗಾತ ಮಲಗಬೇಕು ಅಂತ.’

ಆ ರಾತ್ರಿ ಹಾಜರಿ ಪುಸ್ತಕ ತಿರುವಿದೆ.
ಜ್ವರಕ್ಕೆ ರಜೆಯಿದೆ, ಸಾವಿಗಿದೆ,
ತಂಗಿಯ ಮದುವೆಗೆ ಮೂರು ದಿನ.
‘ಬೇಕು’ ಅನ್ನುವುದಕ್ಕೆ ಮಾತ್ರ ಖಾನೆಯಿಲ್ಲ.
ಇಲ್ಲದ್ದಕ್ಕೇ ಪಾಪ
ಮೂವತ್ತೆರಡೂ ಹಲ್ಲು ಕೀಳಿಸಬೇಕಾಯಿತು.

ಅವನೇ ಕಲಿಸಿದ್ದು, ಓದು ಮುಗಿಸಿ ನಾನು ಬಂದ ಹೊಸದರಲ್ಲಿ:
ಮರಳನ್ನು ಎಷ್ಟೇ ಬಿಗಿಯಾಗಿ ಒತ್ತು,
ಕಂಬಿ ಹಿಡಿದು ಅಲ್ಲಲ್ಲಿ ಚುಚ್ಚಬೇಕು.
ಕಾವಿಗೆ ಒಳಗೆ ಹುಟ್ಟಿದ ಉಸಿರು ಹೊರಗೆ ಹೋಗಬೇಕು.
ಇಲ್ಲದಿದ್ದರೆ ಮೇಲೆ ನುಣುಪು, ತೂಕವೂ ಸರಿ,
ಗಿರಾಕಿ ಕೊರೆದ ದಿನ
ಒಳಗೆಲ್ಲ ಗುಳ್ಳೆ.

ಮಂಗಳವಾರ, ಶುಕ್ರವಾರ ಕುಲುಮೆ ಆರಕ್ಕೇ ಹೊತ್ತಿತು.
ಹುಬ್ಬಳ್ಳಿಯ ಗಿರಾಕಿ ಫೋನಿನಲ್ಲಿ ಕೂಗಾಡಿದ.
ಮುರಿದ ಕೂಲಿ ಹಿಂದಕ್ಕೆ ಕೊಟ್ಟೆ, ಸೆಲ್ವರಾಜ ಎಣಿಸಲಿಲ್ಲ.
ನಾನು ಉಬ್ಬಿಹೋದೆ.
ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳುತ್ತಾ ಹೋದೆ, ನಿಮಗೇನಾಸೆ?

ಕೋರ್ ಮಾಡುವ ಹಾಲಮ್ಮ ಕೈಯ ಮರಳು ಕೊಡವಿ
‘ಆಸೆ ಗೀಸೆ ನಿಮ್ಮತ್ರಾನೇ ಇರ್ಲಿ ಸಾಮಿ,
ಮೊದ್ಲು ಕೂರಾಕೊಂದು ಸ್ಟೂಲ್ ಕೊಡ್ಸಿ.’
ಹನ್ನೊಂದು ವರ್ಷ ನಿಂತೇ ಇದ್ದಳು.
ದಿನಕ್ಕೆ ನಾಲ್ಕು ಸಲ
ನಾನು ಅವಳ ಪಕ್ಕದಿಂದಲೇ ಹಾದುಹೋಗಿದ್ದೆ.

ರಾತ್ರಿ ಕಾವಲಿನ ಚೌಡಪ್ಪ ಏನೂ ಹೇಳಲಿಲ್ಲ.
ಎರಡು ಸಲ ಕೇಳಿದೆ, ಮೂರನೆಯ ಸಲವೂ ಕೇಳಿದೆ.
ಹೇಳಬೇಕಾಗಿಯೂ ಇಲ್ಲ, ಅವನದು ಅವನದು
ಅಂತ ತಿಳಿಯಲು ಇನ್ನೊಂದು ತಿಂಗಳು ಹಿಡಿಯಿತು.

ಮುಬಾರಕ್ ಮಾತ್ರ ನೆಟ್ಟಗೆ ನೋಡಿದ:
‘ಇಲ್ಲಿಂದ ಬಿಟ್ಟು
ಸಾಗರ ರೋಡಲ್ಲಿ ನಂದೇ ಲೇತ್ ಹಾಕ್ಬೇಕು.’
ಹೊಟ್ಟೆಯಲ್ಲಿ ಏನೋ ತಿರುಚಿತು. ಸುಳ್ಳು ಯಾಕೆ,
ಒಂದು ವಾರ ಅವನ ಸಲಾಮಿಗೆ ಸರಿಯಾಗಿ ತಲೆಯಾಡಿಸಲಿಲ್ಲ.
ಎಂಟನೇ ದಿನ ಮೂಲೆಯ ಹಳೇ ಲೇತಿನ ಕೋಣೆಯ ಕೀಲಿ ಕೊಟ್ಟೆ.
ಭಾನುವಾರ ನಿನ್ನದು, ಕರೆಂಟು ನನ್ನದು.
ಕೊಡುವಾಗಲೂ ನನ್ನ ಬೆರಳು ಸ್ವಲ್ಪ ಹಿಡಿದೇ ಇತ್ತು.
ವರ್ಷ ತುಂಬುವುದರೊಳಗೆ ಹೋಗುತ್ತಾನೆ,
ನನ್ನ ಗಿರಾಕಿಗಳಲ್ಲಿ ಇಬ್ಬರನ್ನಾದರೂ ಕರೆದುಕೊಂಡು.
ಹೋಗಲಿ.
(ಇದನ್ನು ಇನ್ನೂ ಎರಡು ಸಲ ಹೇಳಿಕೊಳ್ಳಬೇಕು.)

ಶನಿವಾರ ಬೆಳಗ್ಗೆ ಗೇಟು ದಾಟಿ ಬಂದರೆ
ಕುಲುಮೆಯ ಎದುರು ಸೆಲ್ವರಾಜ
ಒಂಟಿ ಕಾಲಲ್ಲಿ ಕುಪ್ಪಳಿಸುತ್ತಿದ್ದಾನೆ,
ತಲೆ ವಾಲಿಸಿ, ಅಂಗೈಯಿಂದ ಕಿವಿ ತಟ್ಟಿಕೊಳ್ಳುತ್ತ.
‘ಏನದು?’
‘ನೀರು ಸಾರ್, ನಿನ್ನೇದು.
ಇನ್ನೂ ಒಳಗೇ ಇದೆ.’